ದೋಣಿಗೆ ಎಷ್ಟು ಕೋಲು?

ಮಾರ್ಚ್ 2

ಬೋಲ್ಟು,

ನಾನು ನಿನಗೆ ಮೂರು ಸಲ ಫೋನು ಮಾಡಿದೆ. ಮೊದಲನೇ ಸಲ "ಡಿಪೋದಲ್ಲಿದ್ದೀನಿ ಅತ್ತಿಗೆ" ಅಂದೆ. ಎರಡನೇ ಸಲ "ಬಸ್ಸಿನ ಕೆಳಗಿದ್ದೀನಿ ಅತ್ತಿಗೆ" ಅಂದೆ. ಮೂರನೇ ಸಲ ಎತ್ತಲೇ ಇಲ್ಲ; ಬಸ್ಸೇ ನಿನ್ನ ಮೇಲೆ ಕೂತಿತ್ತೋ ಏನೋ. ಅದಕ್ಕೇ ಈ ಪತ್ರ. ಪತ್ರವನ್ನು ಅರ್ಧದಲ್ಲಿ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ನೀನು ಓದೇ ಓದುತ್ತೀಯ, ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ? ಅಲ್ಲಲ್ಲಿ ಶಾಯಿ ಮೆತ್ತಿದೆ. ನನ್ನ ಕೈಬರಹದ ಹಣೆಬರಹವೇ ಅಷ್ಟು, ಬರೆದದ್ದರ ಮೇಲೇ ಕೈ ಓಡುತ್ತದೆ. ಸಹಿಸಿಕೋ.

ಈ ಮೇ ಇಪ್ಪತ್ತಕ್ಕೆ ನೀನು ಬಾಸ್ ಮೀನು ಹಿಡಿಯಲು ಹಿನ್ನೀರಿಗೆ ಹೋಗುತ್ತೀಯ ಅಂತ ನಿನ್ನ ಹೆಂಡತಿ ಬಾಯಿಬಿಟ್ಟಳು. ನಾನೂ ಬರುತ್ತೇನೆ. ನಿಮ್ಮಣ್ಣನ ಜಾಗದಲ್ಲಿ ಕೂರುತ್ತೇನೆ.

ಗಾಬರಿಯಾಗಬೇಡ, ನನಗೆ ತಲೆ ಕೆಟ್ಟಿಲ್ಲ. ಹತ್ತೊಂಬತ್ತು ವರ್ಷ, ವರ್ಷಕ್ಕೆ ನಾಲ್ಕು ದಿನ, ನನ್ನ ಗಂಡ ನಿನ್ನ ಜೊತೆ ಆ ನೀರಿಗೆ ಹೋದರು. ಪ್ರತಿ ಸಲ ದೋಣಿಯನ್ನು ಗಾಡಿಗೆ ಕಟ್ಟುವಾಗ "ಮುಂದಿನ ವರ್ಷ ನೀನೂ ಬಾರೇ" ಅನ್ನೋರು. ಆ ಮುಂದಿನ ವರ್ಷ ಬರಲೇ ಇಲ್ಲ. ಹೋದ ವರ್ಷ ಹೊರಡಲು ಇನ್ನೊಂದು ತಿಂಗಳಿದೆ ಅನ್ನುವಾಗ ಅವರೇ ಹೋಗಿಬಿಟ್ಟರು. ಮನೆಯಲ್ಲಿ ಸಿಗದ ಅಂಥದ್ದು ಏನಿತ್ತು ಅಲ್ಲಿ ಅಂತ ನಾನು ನೋಡಲೇಬೇಕು.

ಈಗ ಕೆಲಸದ ಮಾತು. ಅವರ ಬಡಗಿ ಕೋಣೆಯ ಗೋಡೆಗೆ ಏಳು ಗಾಳದ ಕೋಲುಗಳಿವೆ. ಅವರು ಏಳನ್ನೂ ಹೊತ್ತುಕೊಂಡು ಹೋಗೋರು, ನೀನು ನಾಲ್ಕು. ಇಬ್ಬರು ಗಂಡಸರು, ನಾಲ್ಕು ಕೈ, ಹನ್ನೊಂದು ಕೋಲು! ಮೀನುಗಳು ನಿಮ್ಮನ್ನು ನೋಡಿಯೇ ನಗುತ್ತಿದ್ದವೇನೋ. ಎಷ್ಟು ತರಲಿ ಹೇಳು. ಅಷ್ಟೇ ಕೇಳುತ್ತಿರುವುದು.

ನಿನ್ನ ಅತ್ತಿಗೆ

---

ಮಾರ್ಚ್ 9

ಅತ್ತಿಗೆಯವರಿಗೆ ನಮಸ್ಕಾರ.

ಪತ್ರ ತಲುಪಿತು. ಒಂದೂ ತರಬೇಡಿ. ನೀವೂ ಬರಬೇಡಿ.

ಅದು ಪಿಕ್ನಿಕ್ ಅಲ್ಲ. ಬೆಳಗಿನ ಜಾವಕ್ಕೆ ನೀರಿಗಿಳಿದರೆ ಬಿಸಿಲು ನೆತ್ತಿಗೆ ಬರುವವರೆಗೆ ಕೂತ ಜಾಗದಿಂದ ಅಲ್ಲಾಡುವ ಹಾಗಿಲ್ಲ. ದೋಣಿಯಲ್ಲಿ ಕೂರಲು ಇರುವುದು ಎರಡೇ ಹಲಗೆ. ಮಾತಾಡಿದರೆ ಮೀನು ಓಡಿಹೋಗುತ್ತವೆ. ನೀವು ಮಾತಾಡದೆ ಇರುವುದನ್ನು ನಾನು ಇದುವರೆಗೆ ಕಂಡಿಲ್ಲ.

ಏಳು ಕೋಲು ಯಾಕೆ ಅಂತ ನಗಾಡಿದ್ದೀರಿ. ಬಾಸ್ ಒಂದು ಗಳಿಗೆಯಲ್ಲಿ ಜೊಂಡಿನ ಮೇಲೆ ಇರುತ್ತೆ, ಇನ್ನೊಂದು ಗಳಿಗೆಯಲ್ಲಿ ಮುಳುಗಿದ ಮರದ ಬುಡದಲ್ಲಿ. ಮೇಲಿದ್ದರೆ ಗಾಳಕ್ಕೆ ಮರದಲ್ಲಿ ಕೆತ್ತಿದ ಸುಳ್ಳು ಕಪ್ಪೆ, ಬುಡದಲ್ಲಿದ್ದರೆ ರಬ್ಬರ್ ಹುಳು. ಒಂದು ಬಿಚ್ಚಿ ಇನ್ನೊಂದು ಕಟ್ಟುವಷ್ಟರಲ್ಲಿ ಮೀನು ಇರುವುದಿಲ್ಲ. ಅದಕ್ಕೇ ಒಂದೊಂದು ಕೋಲಿಗೂ ಒಂದೊಂದನ್ನು ಮೊದಲೇ ಕಟ್ಟಿಟ್ಟಿರಬೇಕು. ಯಾವ ಕೋಲಿಗೆ ಯಾವುದು ಅನ್ನುವುದು ಅಣ್ಣನಿಗೆ ಗೊತ್ತಿತ್ತು. ನಿಮಗೆ ಗೊತ್ತಿಲ್ಲ.

ಹಟ ಮಾಡಿ ಬಂದೇ ಬರುತ್ತೀರಾದರೆ ಒಂದೇ ಒಂದು ತನ್ನಿ. ಉಳಿದ ಆರನ್ನು ಬಸ್ಸಿನಲ್ಲಿ ಹಾಕಿ ಕಳಿಸಿ, ನಾನು ಎಣ್ಣೆ ಹಾಕಿ ಇಟ್ಟಿರುತ್ತೇನೆ. ಅಲ್ಲಿದ್ದರೆ ದಾರ ಸುತ್ತುವ ರೀಲುಗಳು ತುಕ್ಕು ಹಿಡಿಯುತ್ತವೆ.

ಇತಿ,
ನಿಮ್ಮ ಮೈದುನ

---

ಮಾರ್ಚ್ 13

ಮಾನ್ಯ ಮೈದುನರಿಗೆ,

ಏನಂದೆ, ಬಸ್ಸಿನಲ್ಲಿ ಹಾಕಿ ಕಳಿಸಬೇಕಾ? ಎಣ್ಣೆ ಹಾಕಿ ಇಡುತ್ತೀಯಾ? ನಿನ್ನ ಅಣ್ಣ ಹೋಗಿ ವರ್ಷ ತುಂಬುತ್ತಾ ಬಂತು. ಮೂರನೇ ದಿನ ಬೂಟು ಹಾಕಿಕೊಂಡು ಹೊರಟವನು ಮತ್ತೆ ಈ ಹೊಸ್ತಿಲು ತುಳಿದಿಲ್ಲ. ನಿನ್ನ ಊರಿಂದ ಇಲ್ಲಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ. ನೀನು ಬಸ್ ಡಿಪೋದವನು! ಅತ್ತಿಗೆ ಇದ್ದಾಳೋ ಸತ್ತಳೋ ಅಂತ ಕೇಳಲು ಪುರುಸೊತ್ತಿಲ್ಲ, ರೀಲಿಗೆ ತುಕ್ಕು ಹಿಡಿಯುತ್ತೆ ಅಂತ ಮಾತ್ರ ಕರುಳು ಕಿವುಚುತ್ತದೆ. ಓದಿದಾಗ ಮೈಯೆಲ್ಲ ಉರಿದುಹೋಯಿತು. ಹೊಲಿಯಲು ಬಂದಿದ್ದ ಗಿರಾಕಿಯ ಪ್ಯಾಂಟಿನ ಕಾಲು ಅಡ್ಡಾದಿಡ್ಡಿ ಕತ್ತರಿಸಿಬಿಟ್ಟೆ. ಇನ್ನೊಂದು ಕಾಲನ್ನೂ ಅಷ್ಟಕ್ಕೇ ಕತ್ತರಿಸಿ ಚಡ್ಡಿ ಮಾಡಿದೆ.

ನಿನ್ನ ಪತ್ರ ಬಂದ ಮೇಲೆ ಸಿಟ್ಟಿನಲ್ಲಿ ಕೋಣೆಗೆ ಹೋಗಿ ಎಲ್ಲ ಕೋಲುಗಳನ್ನು ಇಳಿಸಿ ಧೂಳು ಒರೆಸಿದೆ. ಆಗ ಕಂಡಿತು. ಗೋಡೆಗೆ ಹೊಡೆದಿರುವ, ಕೋಲು ನಿಲ್ಲಿಸುವ ಮರದ ಸ್ಟ್ಯಾಂಡಿನಲ್ಲಿ ಗೂಡುಗಳು ಏಳಲ್ಲ, ಎಂಟು. ಬಾಗಿಲ ಕಡೆಯ ಮೂಲೆಯಲ್ಲಿ, ಅವರ ಕೆಲಸದ ಅಂಗಿ ನೇತು ಹಾಕಿದ್ದರ ಹಿಂದೆ ಎಂಟನೆಯದು ಖಾಲಿ ಇದೆ. ಹೊಸ ಮರ. ಉಳಿದವು ಕಪ್ಪಾಗಿವೆ, ಇದಿನ್ನೂ ಬಿಳಿಚಿಕೊಂಡಿದೆ.

ಎಂಟನೇ ಕೋಲು ಎಲ್ಲಿ?

ನಿನ್ನ ಹತ್ತಿರವೇ ಇರಬೇಕು, ಇನ್ನೆಲ್ಲಿ ಹೋಗುತ್ತದೆ? ಅದನ್ನು ಒಳಗೆ ಹಾಕಿಕೊಂಡು ಈಗ ಆರಕ್ಕೂ ಕೈ ಚಾಚುತ್ತಿದ್ದೀಯ. ಇನ್ನೊಂದು ತಮಾಷೆ ಕೇಳು. ರೀಲಿನ ಹಿಡಿ ತಾಗದ ಹಾಗೆ ಪ್ರತಿ ಗೂಡಿನ ಬಲಕ್ಕೂ ಒಂದು ಕಚ್ಚು ಕೊರೆದಿದ್ದಾರಲ್ಲ, ಎಂಟನೆಯದಕ್ಕೆ ಮಾತ್ರ ಅದು ಎಡಕ್ಕಿದೆ. ಜೀವಮಾನದಲ್ಲಿ ಒಂದು ಅಳತೆ ತಪ್ಪದ ಬಡಗಿ ಕೊನೆಯ ಕೆಲಸವನ್ನು ಉಲ್ಟಾ ಮಾಡಿದ್ದಾರೆ. ಆಗಲೇ ಅವರಿಗೆ ಮರೆವು ಶುರುವಾಗಿತ್ತೋ ಏನೋ. ಅವರು ಹೋಗುವ ಹಿಂದಿನ ತಿಂಗಳು, ಯೂನಿಫಾರ್ಮಿನ ಕೆಲಸ ಕುತ್ತಿಗೆಗೆ ಬಂದಿದ್ದಾಗ ನನ್ನ ದೊಡ್ಡ ಕತ್ತರಿಯನ್ನು ಎಲ್ಲೋ ಇಟ್ಟು ಎರಡು ದಿನ ಕಾಣೆ ಮಾಡಿದ್ದರು. ಕೇಳಿದರೆ "ಎಲ್ಲೋ ಇರುತ್ತೆ ಬಿಡೇ" ಅಂದರು. ಆ ಎರಡು ದಿನ ನಾನು ಅವರ ಜೊತೆ ಮಾತೇ ಆಡಲಿಲ್ಲ. ಮೂರನೇ ದಿನ ಕತ್ತರಿ ಮೆಷಿನ್ನಿನ ಮೇಲೆ ಸದ್ದಿಲ್ಲದೆ ಕೂತಿತ್ತು.

ಇರಲಿ. ಎಂಟನೆಯದು ಎಲ್ಲಿ ಅಂತ ಬರಿ. ಏಳನ್ನೂ ತರುತ್ತೇನೆ. ಏನು ಮಾಡಿಕೊಳ್ಳುತ್ತೀಯೋ ಮಾಡಿಕೋ.

ಅತ್ತಿಗೆ

---

ಮಾರ್ಚ್ 21

ಅತ್ತಿಗೆಯವರಿಗೆ,

ಕೋಲು ಇದ್ದದ್ದು ಏಳೇ. ಎಂಟನೇ ಗೂಡನ್ನು ಮರ ಉಳಿದಿತ್ತು ಅಂತ ಸುಮ್ಮನೆ ಕೊರೆದಿರಬೇಕು. ಅದರ ಬಗ್ಗೆ ನನಗೇನೂ ಗೊತ್ತಿಲ್ಲ. ನನ್ನನ್ನು ಕಳ್ಳ ಅಂದಿದ್ದೀರಿ, ಅಂದುಕೊಳ್ಳಿ.

ಬರಬೇಕು ಅಂತಿದ್ದರೆ ಬನ್ನಿ. ಎರಡು ಕೋಲು ತನ್ನಿ, ಕೆಂಪು ದಾರ ಸುತ್ತಿರುವುದು ಮತ್ತು ಹಸಿರು ದಾರದ್ದು. ಮೂರಾದರೂ ಪರವಾಗಿಲ್ಲ. ನಾನು ನನ್ನದರಲ್ಲಿ ಎರಡು ಬಿಟ್ಟು ಬರುತ್ತೇನೆ. ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ, ದಡದಲ್ಲಿ ಜಾರುತ್ತೆ.

ಮೈದುನ

---

ಮಾರ್ಚ್ 27

ಮೈದುನರೇ,

ಮೊದಲು ಬರಲೇಬೇಡಿ ಅಂದೆ. ಆಮೇಲೆ ಒಂದು ಅಂದೆ. ಎಂಟನೇ ಗೂಡಿನ ಸುದ್ದಿ ಎತ್ತಿದ ತಕ್ಷಣ ಎರಡಾಯಿತು, ಮೂರಾದರೂ ಪರವಾಗಿಲ್ಲವಂತೆ, ಚಪ್ಪಲಿ ಬೇರೆ! ನನ್ನ ಕಣ್ಣಿಗೆ ಮಣ್ಣೆರಚಲು ನಿನ್ನಿಂದ ಆಗದು ಕಣೋ. ಕಾಲರ್ ಸೊಟ್ಟಗಿದ್ದರೆ ಬೀದಿಯ ಆ ತುದಿಯಿಂದ ಕಂಡುಹಿಡಿಯುವವಳು ನಾನು.

ನಿನ್ನೆ ಅಂಗಡಿಗೆ ಬಾಗಿಲು ಹಾಕಿ ಮಧ್ಯಾಹ್ನವೆಲ್ಲ ಆ ಕೋಣೆಯಲ್ಲೇ ಇದ್ದೆ. ಏಳು ಕೋಲುಗಳನ್ನೂ ಒಂದೊಂದಾಗಿ ಎಂಟನೇ ಗೂಡಿಗೆ ಇಟ್ಟು ನೋಡಿದೆ. ಒಂದೂ ಇಳಿಯುವುದಿಲ್ಲ. ಬುಡದ ತೂತು ಅಷ್ಟು ಸಣ್ಣದು. ಟೇಪು ಹಿಡಿದು ಅಳೆದೆ. ಉಳಿದವುಗಳ ಹಿಡಿಗಿಂತ ಅರ್ಧ ಬೆರಳು ಕಡಿಮೆ. ಇಪ್ಪತ್ತೈದು ವರ್ಷ ಜನರ ಮೈ ಅಳೆದಿದ್ದೇನೆ. ತೋಳಿನ ಪಟ್ಟಿ ನೋಡಿದರೆ ಯಾರ ಅಂಗಿ ಅಂತ ಹೇಳಬಲ್ಲೆ. ಅಂಥ ಹಿಡಿ ನಿನ್ನ ಕೈಗಲ್ಲ, ಅವರ ಕೈಗೂ ಅಲ್ಲ. ಅದು ಹೆಂಗಸಿನ ಕೈ.

ನಾನೆಂಥ ದಡ್ಡಿ! ಹತ್ತೊಂಬತ್ತು ವರ್ಷ ಅವರ ಬಟ್ಟೆ ಮಡಚಿ ಚೀಲಕ್ಕೆ ತುಂಬಿ ಕಳಿಸಿದೆನಲ್ಲ. "ಈ ವರ್ಷವೇ ಬರಲಾ?" ಅಂದರೆ "ಎರಡೇ ಹಲಗೆ, ಜಾಗ ಇಲ್ಲ ಕಣೇ" ಅನ್ನುತ್ತಿದ್ದರು. ನನಗೆ ಇಲ್ಲದ ಜಾಗ ಯಾರಿಗಿತ್ತು? ಆ ದೋಣಿಯಲ್ಲಿ ಯಾವಳು ಕೂರುತ್ತಿದ್ದಳು? ನಿನಗೆ ಗೊತ್ತಿದೆ. ಅದಕ್ಕೇ ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಮನೆಗೆ ಬರುವುದಿಲ್ಲ, ಅದಕ್ಕೇ ನನ್ನನ್ನು ನೀರಿನ ಹತ್ತಿರ ಬಿಡುವುದಿಲ್ಲ. ಅಣ್ಣನ ಮಾನ ಕಾಯುತ್ತಿದ್ದೀಯ. ಕಾಯಿ, ಚೆನ್ನಾಗಿ ಕಾಯಿ.

ಸತ್ತವರ ಮೇಲೆ ಸಿಟ್ಟು ಮಾಡಿಕೊಂಡರೆ ಉತ್ತರ ಕೊಡುವವರು ಯಾರು? ನೀನೇ ಕೊಡಬೇಕು. ಅವಳ ಹೆಸರು ಬೇಡ. ಇದ್ದಳು ಅನ್ನು, ಇಲ್ಲ ಅನ್ನು, ಒಂದೇ ಸಾಲು ಸಾಕು. ಹತ್ತು ದಿನದೊಳಗೆ ಬರಲಿಲ್ಲವೋ, ಏಳು ಕೋಲುಗಳನ್ನೂ ಮೊಣಕಾಲಿಗೆ ಕೊಟ್ಟು ಮುರಿಯುತ್ತೇನೆ.

---

ಏಪ್ರಿಲ್ 2

ಅತ್ತಿಗೆ,

ನನ್ನನ್ನು ಕಳ್ಳ ಅಂದಿರಿ, ಸುಮ್ಮನಿದ್ದೆ. ನನ್ನ ಅಣ್ಣನ ಬಗ್ಗೆ ಇನ್ನೊಂದು ಮಾತು ಆಡಿದರೆ ನಾನು ಸುಮ್ಮನಿರುವುದಿಲ್ಲ. ಅವನ ಜೊತೆ ಅಷ್ಟು ವರ್ಷ ಬಾಳಿದಿರಲ್ಲ, ಅವನು ಇಷ್ಟೇನಾ ನಿಮಗೆ ಅರ್ಥವಾದದ್ದು? ಪತ್ರ ಓದಿ ಕೈಲಿದ್ದ ಸ್ಪ್ಯಾನರ್ ಗೋಡೆಗೆ ಎಸೆದೆ. ಇಡೀ ಡಿಪೋ ತಿರುಗಿ ನೋಡಿತು.

ಕಚ್ಚು ಎಡಕ್ಕಿದೆ, ಉಲ್ಟಾ ಕೊರೆದಿದ್ದಾರೆ, ಮರೆವು ಅಂತ ಬರೆದಿದ್ದಿರಿ. ಅದನ್ನು ಯಾವ ಕೈಯಲ್ಲಿ ಬರೆದಿರಿ, ಸ್ವಲ್ಪ ನೋಡಿಕೊಳ್ಳಿ.

ಹಿಡಿ ಎಡಕ್ಕಿರುವ ರೀಲನ್ನು ಅವನು ಮೂರು ಊರು ಅಲೆದು ತಂದ. ಕೋಲನ್ನು ತಾನೇ ಮಾಡಿದ. ನಿಮ್ಮ ಕತ್ತರಿ ಕಳೆದಿರಲಿಲ್ಲ. ಅದರ ಹಿಡಿ ನಿಮ್ಮ ಕೈಗೆ ಸವೆದಿದೆ ಅಂತ ಅಳತೆ ತೆಗೆಯಲು ಅವನೇ ಒಯ್ದಿದ್ದ. "ಕೈ ಕೊಡು ಅಂದ್ರೆ ಯಾಕೆ ಅಂತಾಳೆ, ಯಾಕೆ ಅಂದ್ರೆ ಬಾಯಿಬಿಟ್ಬಿಡ್ತೀನಿ ನಾನು" ಅಂತ ನಕ್ಕ.

ಹೋದ ವರ್ಷ ಮಾರ್ಚ್ ಇಪ್ಪತ್ತೆಂಟು. ಊಟದ ಹೊತ್ತಿಗೆ ಡಿಪೋಗೆ ಬಂದ, ಕೋಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ದಾರ ಹಾಯುವ ರಿಂಗುಗಳನ್ನೆಲ್ಲ ಹಾಕಿದ್ದ, ತುದಿಯದೊಂದು ಬಾಕಿ. ನನ್ನ ಹತ್ತಿರ ಬಿಗಿದು ಹಿಡಿಯುವ ಸಣ್ಣ ವೈಸ್ ಇದೆ ಅಂತ ತಂದಿದ್ದ.

"ಈ ಸಲ ಅವಳನ್ನೂ ಕರ್ಕೊಂಡು ಹೋಗೋಣ ಕಣೋ ಬೋಲ್ಟು" ಅಂದ.

"ದೋಣೀಲಿ ಜಾಗ ಇಲ್ಲ" ಅಂದೆ.

"ಮೂರನೇ ಹಲಗೆ ಹೆರೆದು ಇಟ್ಟಿದ್ದೀನಿ. ಎರಡು ಬೋಲ್ಟ್ ಹಾಕಿದ್ರೆ ಆಯ್ತು."

"ಅತ್ತಿಗೆ ಬಂದ್ರೆ ನಾನು ಬರಲ್ಲ."

ಅವನು ತಮಾಷೆ ಅಂದುಕೊಂಡ. ಆಗ ನನಗೆ ಇನ್ನೂ ಸಿಟ್ಟು ಬಂತು. ಏನೇನೋ ಅಂದೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು ಅವನು. ನಿಮ್ಮ ಮದುವೆಯಾದ ದಿನದಿಂದ ಅವನು ನಿಮ್ಮವನು, ನಾನು ಒಂದು ಮಾತೂ ಆಡಲಿಲ್ಲ. ವರ್ಷಕ್ಕೆ ನಾಲ್ಕು ದಿನ ನನ್ನವನಾಗಿದ್ದ. ಅದನ್ನೂ ಕಿತ್ತುಕೊಳ್ಳಬೇಕಾ ಅಂತ ಕೇಳಿದೆ. "ಈ ಕೋಲು ಮುರಿದು ಒಲೆಗೆ ಹಾಕು" ಅಂದೆ. ಹೌದು, ಹಾಗೇ ಅಂದೆ. ಹುಡುಗರೆಲ್ಲ ಊಟ ಬಿಟ್ಟು ನೋಡುತ್ತಿದ್ದರು.

ಅವನು ಕೋಲನ್ನು ನನ್ನ ಬೆಂಚಿನ ಮೇಲೆ ಇಟ್ಟ. "ನೀನೇ ಯೋಚನೆ ಮಾಡು. ತುದಿ ರಿಂಗ್ ಹಾಕಿಡು" ಅಂದು ಹೊರಟ. ಗೇಟಿನವರೆಗೂ ಹೋಗಿ ಕಳಿಸಲಿಲ್ಲ ನಾನು. ಅವನೇ ಮೊದಲು ಫೋನು ಮಾಡಲಿ ಅಂತ ಹದಿನಾರು ದಿನ ಕಾದೆ. ಹದಿನಾರನೇ ದಿನ ಫೋನು ಬಂತು. ಅದು ನಿಮ್ಮದು.

ಕೋಲು ಅವತ್ತಿಂದ ಡಿಪೋದ ನನ್ನ ಬೀರುವಿನಲ್ಲಿದೆ. ಅದನ್ನು ಹಿಡಿದುಕೊಂಡು ನಿಮ್ಮ ಮನೆಗೆ ಬಂದು ಏನು ಹೇಳಲಿ? ಹಿಡಿಯದೆ ಬಂದು ಯಾವ ಮುಖ ತೋರಿಸಲಿ? ಅದಕ್ಕೇ ಬರಲಿಲ್ಲ. ಬೇರೆ ಯಾವಳೂ ಇರಲಿಲ್ಲ. ಇದ್ದದ್ದು ನಾನೊಬ್ಬ.

ಬೋಲ್ಟು

---

ಏಪ್ರಿಲ್ 13

ಅತ್ತಿಗೆ,

ಇವತ್ತಿಗೆ ಒಂದು ವರ್ಷ. ಬೆಳಿಗ್ಗೆಯ ಬಸ್ಸಿಗೆ ಬಂದು ನಿಮ್ಮ ಬೀದಿಯ ತಿರುವಿನಲ್ಲಿ ಇಳಿದೆ. ಅಂಗಡಿ ಬಾಗಿಲು ತೆಗೆದಿತ್ತು, ಮೆಷಿನ್ ಸದ್ದು ಕೇಳಿಸುತ್ತಿತ್ತು. ಅದೇ ಬಸ್ಸು ವಾಪಸ್ಸು ಹೊರಟಾಗ ಹತ್ತಿಬಿಟ್ಟೆ. ನೀವು ಬೈದಿದ್ದರೆ ಬರುತ್ತಿದ್ದೆ. ಸುಮ್ಮನಿದ್ದೀರಿ, ಅದಕ್ಕೇ ಧೈರ್ಯ ಬರಲಿಲ್ಲ.

ತುದಿ ರಿಂಗ್ ಹಾಕಿದ್ದೇನೆ. ಮೂರು ಸಲ ಬಿಚ್ಚಿ ಹಾಕಿದೆ, ಒಂದು ಕೂದಲೆಳೆಯಷ್ಟೂ ಸೊಟ್ಟ ಇಲ್ಲ. ಏಳನ್ನೂ ತನ್ನಿ, ದೋಣಿ ತುಂಬ ತನ್ನಿ. ಇಲ್ಲವೇ ಎಲ್ಲ ಮುರಿದೆ ಅಂತಲಾದರೂ ಬರೆಯಿರಿ. ಎರಡು ಸಾಲು ಬೈದು ಬರೆಯಿರಿ.

ಬೋಲ್ಟು

---

ಮೇ 4

ಬೋಲ್ಟು,

ಬೈದು ಬರಿ ಅಂದೆಯಲ್ಲ. ತಿಂಗಳಿಂದ ಬರೆಯುತ್ತಲೇ ಇದ್ದೇನೆ. ಬರೆದೆ, ಹರಿದೆ, ಬರೆದೆ, ಹರಿದೆ. ಅಷ್ಟೂ ಸೇರಿಸಿ ಹೊಲಿದಿದ್ದರೆ ನಿನಗೊಂದು ನಿಲುವಂಗಿ ಆಗುತ್ತಿತ್ತು.

ನಿನ್ನನ್ನು ಕ್ಷಮಿಸಿದ್ದೇನೆ ಅಂದುಕೊಳ್ಳಬೇಡ. ನಿನ್ನ ಅಣ್ಣ ನಿನ್ನ ಜೊತೆ ಮಾತು ನಿಂತ ಆ ಹದಿನಾರು ದಿನ ಊಟ ಸರಿಯಾಗಿ ಮಾಡಲಿಲ್ಲ. "ಏನಾಯ್ತು?" ಅಂತ ಕೇಳಿದರೆ "ಏನಿಲ್ಲ ಬಿಡೇ" ಅನ್ನೋರು. ಕತ್ತರಿಯ ವಿಷಯಕ್ಕೆ ಮುಖ ಊದಿಸಿಕೊಂಡಿದ್ದಾರೆ ಅಂತ ನಾನೂ ಬಿಗುಮಾನ ಮಾಡಿದೆ. ನಿನಗೆ ಗೊತ್ತಿತ್ತು ಕಾರಣ ಏನು ಅಂತ. ಹೋದ ಮೇಲಾದರೂ ಬಂದು ಹೇಳಬಹುದಿತ್ತು. ನನ್ನ ಮುಂದೆ ಕೂತು "ಅತ್ತಿಗೆ, ನಿಮಗೋಸ್ಕರ ಮಾಡಿದ್ದ" ಅನ್ನುವ ನಾಲ್ಕು ಮಾತಿಗೆ ನಿನಗೆ ಒಂದು ವರ್ಷ ಬೇಕಾಯಿತು. ಅದೂ ನಾನು ಅವರ ಮೇಲೆ ಅಷ್ಟು ಹೊಲಸು ಮಾತು ಬರೆದ ಮೇಲೆ! ಆ ಮಾತು ನನ್ನ ಕೈಯಿಂದ ಬರೆಸಿದವನು ನೀನು. ಇದನ್ನು ನಾನು ಮರೆಯುವುದಿಲ್ಲ.

ಅವರ ಮೇಲೂ ಸಿಟ್ಟಿದೆ. ಹತ್ತೊಂಬತ್ತು ವರ್ಷ "ನೀನೂ ಬಾರೇ" ಅಂತ ಬಾಯಲ್ಲಿ ಹೇಳಿದವರು, ಕೈಯಲ್ಲಿ ಮಾಡಿದ್ದನ್ನು ಮಾತ್ರ ಹೇಳಲಿಲ್ಲ. ನನ್ನ ಮೇಲೂ ಸಿಟ್ಟಿದೆ. ನಾನು ಮಾತು ಬಿಟ್ಟ ಆ ಎರಡು ದಿನ ಅವರು ಗೋಡೆಯ ಆ ಕಡೆ ಕೂತು ನನ್ನ ಕೈಗೇ ಮರ ಉಜ್ಜುತ್ತಿದ್ದರು. ಎಡಕ್ಕೆ ಕೊರೆದ ಕಚ್ಚನ್ನು ಕಣ್ಣಾರೆ ನೋಡಿ ಎಡಗೈಯ ನಾನೇ ತಪ್ಪು ಅಂದೆ ನೋಡು. ಅಂಥಾದ್ದೊಂದು ನನಗಾಗಿ ಇರಬಹುದು ಅಂತ ತಲೆಗೇ ಹೊಳೆಯಲಿಲ್ಲ ಕಣೋ. ಇನ್ಯಾವಳೋ ಇರಬಹುದು ಅಂತ ಹೊಳೆಯಿತು, ನಾನು ಅಂತ ಹೊಳೆಯಲಿಲ್ಲ.

ಇನ್ನೊಂದು ಹೇಳಬೇಕು. ಅವರು ಹೋದ ವಾರವೇ ಆ ಕೋಣೆಯಿಂದ ಒಂದು ಹಲಗೆ ತಂದುಕೊಂಡಿದ್ದೆ, ಚೆನ್ನಾಗಿ ಹೆರೆದದ್ದು, ಅಂಚೆಲ್ಲ ನುಣುಪು. ಎರಡು ಬೆಂಚಿನ ಮೇಲೆ ಅಡ್ಡ ಇಟ್ಟು, ಮೇಲೆ ಕಂಬಳಿ ಹಾಸಿ ವರ್ಷವಿಡೀ ಅದರ ಮೇಲೇ ಯೂನಿಫಾರ್ಮ್‌ಗಳಿಗೆ ಇಸ್ತ್ರಿ ಮಾಡಿದೆ. ಎರಡು ತುದಿಯಲ್ಲಿ ಎರಡು ತೂತು ಯಾಕೆ ಅಂತ ಎಷ್ಟೋ ಸಲ ಬೈದುಕೊಂಡಿದ್ದೆ, ಕಂಬಳಿ ಅಲ್ಲಿ ಕುಳಿ ಬೀಳುತ್ತಿತ್ತು. ನಿನ್ನ ಪತ್ರ ಓದಿದ ದಿನ ಕಂಬಳಿ ತೆಗೆದು ನೋಡಿದೆ. ಮಧ್ಯದಲ್ಲಿ ಇಸ್ತ್ರಿಪೆಟ್ಟಿಗೆಯ ಕಂದು ಗುರುತು ಬಿದ್ದಿದೆ. ಅದರ ಪಕ್ಕದಲ್ಲೇ ಕೂತು ಅತ್ತೆ. ಆಮೇಲೆ ಉಪ್ಪುಕಾಗದ ಹಾಕಿ ಉಜ್ಜಿದೆ. ಪೂರ್ತಿ ಹೋಗಲಿಲ್ಲ.

ಈಗ ಲೆಕ್ಕ ಹೇಳುತ್ತೇನೆ, ಸರಿಯಾಗಿ ಕೇಳಿಸಿಕೋ. ಏಳು ಕೋಲುಗಳನ್ನು ನಾನು ಮುರಿದಿಲ್ಲ. ಅವು ಗೋಡೆಯ ಮೇಲೇ ಇರಲಿ. ಯಾವುದಕ್ಕೆ ಕಪ್ಪೆ, ಯಾವುದಕ್ಕೆ ಹುಳು ಅಂತ ನನಗೆ ಗೊತ್ತಿಲ್ಲ ಅಂದೆಯಲ್ಲ, ಅದು ನಿಜ. ನಾನು ಒಂದು ಕೋಲೂ ತರುವುದಿಲ್ಲ. ತರುವುದು ಹಲಗೆ. ನೀನು ಎರಡು ಬೋಲ್ಟ್ ತಾ.

ಮೊದಲ ಪತ್ರದಲ್ಲಿ ಅವರ ಜಾಗದಲ್ಲಿ ಕೂರುತ್ತೇನೆ ಅಂತ ಬರೆದಿದ್ದೆ. ಕೂರುವುದಿಲ್ಲ. ಅವರ ಹಲಗೆ ಖಾಲಿ ಇರಲಿ. ನಾನು ನನ್ನದರ ಮೇಲೆ ಕೂರುತ್ತೇನೆ.

ನಿನ್ನ ನಾಲ್ಕು ಕೋಲುಗಳನ್ನೂ ಮನೆಯಲ್ಲೇ ಬಿಟ್ಟು ಬಾ. ಎರಡಲ್ಲ, ನಾಲ್ಕೂ ಬಿಡು, ಒಂದೂ ಬೇಡ. ನಾಲ್ಕು ದಿನವೂ ನೀನು ಹುಟ್ಟು ಹಾಕು. ಮಾತಾಡಿದರೆ ಮೀನು ಓಡಿಹೋಗುತ್ತವೆ ಅಂದಿದ್ದೆ. ನಾನು ಮಾತಾಡುತ್ತೇನೆ, ನೀನು ಕೇಳಿಸಿಕೊಂಡು ಹುಟ್ಟು ಹಾಕು.

ದೋಣಿಗೆ ಒಂದೇ ಕೋಲು. ನನ್ನದನ್ನು ತಾ.

ಅತ್ತಿಗೆ